ಅಮೂರ್ತ ಜಲವರ್ಣ ಚಿತ್ರದ ಎದುರು ನನಗನಿಸಿದ್ದನ್ನು ಬರೆದರೆ ತಪ್ಪೇ?

ಪ್ರಶ್ನೆ: ನಾವು ಕೆಲವರು ಸೇರಿ ತಿಂಗಳಿಗೊಂದು ಚಿತ್ರ ನೋಡಿ, ಅದಕ್ಕೆ ವೈಯಕ್ತಿಕವಾಗಿ ಸ್ಪಂದಿಸಿ ಒಂದೊಂದು ಪುಟ ಬರೆದು ಓದುವ ರೂಢಿ ಇಟ್ಟುಕೊಂಡಿದ್ದೇವೆ. ಈ ಸಲದ್ದು ಹೆಸರಿಲ್ಲದ ಒಂದು ಅಮೂರ್ತ ಜಲವರ್ಣ ಚಿತ್ರ. ಮೇಲಿನ ಮುಕ್ಕಾಲು ಭಾಗ ನೀಲಿ ಬೆರೆತ ಬೂದು ಬಣ್ಣ, ಕೆಳಗಿಳಿದಂತೆ ತೆಳುವಾಗುತ್ತದೆ; ಅದರ ನಡುವೆ ಮೇಲಿನಿಂದ ಕೆಳಕ್ಕೆ ಅಂಕುಡೊಂಕಾದ ಒಂದು ಬಿಳಿ ಸಂದು; ಎಡಗಡೆಯ ಕೆಳಮೂಲೆಯಲ್ಲಿ ತುಕ್ಕಿನ ಬಣ್ಣದ ಮಚ್ಚೆ; ಬಲ ಅಂಚಿನ ಹತ್ತಿರ ಮೋಡದ ಅಂಚಿನಂತೆ ಸುರುಟಿಕೊಂಡ ಒಂದು ಗುರುತು. ಹತ್ತು ನಿಮಿಷ ಅದರೆದುರು ನಿಂತಾಗ, ಯಾರೋ ಈಗಷ್ಟೇ ಎದ್ದುಹೋದ ಕೋಣೆಯಲ್ಲಿ ನಿಂತಂತೆ ಅನಿಸಿ ಕಣ್ಣು ತುಂಬಿತು. ಹಾಗೆಯೇ ಬರೆದೆ. ಗುಂಪಿನಲ್ಲಿ ಒಬ್ಬರು ‘ಇದು ಬೆಟ್ಟದ ಮೇಲೆ ಸುರಿಯುವ ಮಳೆ, ಕಾಣುತ್ತಿಲ್ಲವೇ?’ ಎಂದರು, ಇನ್ನೊಬ್ಬರು ‘ಬಣ್ಣ ಚೆಲ್ಲಿದ್ದಾರೆ, ಅಷ್ಟೇ’ ಎಂದು ನಕ್ಕರು. ನಾನು ಬರೆದದ್ದು ತಪ್ಪೇ? ಇಂಥ ಚಿತ್ರದ ಬಗ್ಗೆ ಏನು ಬೇಕಾದರೂ ಹೇಳಬಹುದೇ? ಕಲಾಸಿದ್ಧಾಂತ ಓದಿಕೊಂಡ ಮೇಲೆಯೇ ಬರೆಯಬೇಕೇ? ಚಿತ್ರದ ಫೋಟೊಗಳನ್ನೂ ನಾನು ಬರೆದ ಪುಟವನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮಗೆ ಅನಿಸಿದ್ದು ತಪ್ಪಲ್ಲ, ಆದರೆ ನೀವು ಬರೆದ ಪುಟ ಇನ್ನೂ ಅರ್ಧದಲ್ಲಿದೆ. ಅದರಲ್ಲಿರುವ 22 ವಾಕ್ಯಗಳನ್ನು ಎಣಿಸಿ ನೋಡಿದೆ. ಮೊದಲ ಮೂರರಲ್ಲಿ ಚಿತ್ರವಿದೆ, ನಾಲ್ಕನೆಯದರಲ್ಲಿ ಕೋಣೆ ಬರುತ್ತದೆ, ಅಲ್ಲಿಂದಾಚೆಗೆ ನೀವು ಚಿತ್ರದ ಕಡೆ ಕಣ್ಣೆತ್ತಿಯೂ ನೋಡಿಲ್ಲ. ಖಾಲಿ ಕುರ್ಚಿ, ಅರೆತೆರೆದ ಕಿಟಕಿ, ಹೋದವರ ನೆನಪು ಎಲ್ಲವೂ ಚೆನ್ನಾಗಿಯೇ ಬಂದಿವೆ. ಆದರೆ ಆ ಹತ್ತೊಂಬತ್ತು ವಾಕ್ಯಗಳನ್ನು ಬೇರೆ ಯಾವ ಚಿತ್ರದ ಕೆಳಗೆ ಅಂಟಿಸಿದರೂ ಅವು ಹಾಗೆಯೇ ನಿಲ್ಲುತ್ತವೆ. ತೊಡಕಿರುವುದು ಅಲ್ಲಿ. ಏನು ಬೇಕಾದರೂ ಹೇಳಬಹುದೇ ಎಂದು ಕೇಳಿದ್ದೀರಿ. ಏನು ಬೇಕಾದರೂ ಅನಿಸಬಹುದು, ಅದಕ್ಕೆ ಯಾರ ಅಂಕುಶವೂ ಇಲ್ಲ. ಹೇಳುವ ಹೊತ್ತಿಗೆ ಮಾತ್ರ ಒಂದು ಕರಾರು ಇದೆ: ಅನಿಸಿದ್ದು ಕಾಗದದ ಯಾವ ಜಾಗದಿಂದ ಎದ್ದುಬಂತು ಎಂಬುದನ್ನು ಬೆರಳಿಟ್ಟು ತೋರಿಸಬೇಕು, ಹಾಗೆ ತೋರಿಸಲು ಹೋದಾಗ ಚಿತ್ರವೇ ನಿಮ್ಮನ್ನು ತಿದ್ದಿದರೆ ತಿದ್ದಿಸಿಕೊಳ್ಳಬೇಕು.

ಈ ಕರಾರು ನಾನು ಹೊಸದಾಗಿ ಹಾಕಿದ್ದಲ್ಲ. ರಸಾನುಭವಕ್ಕೆ, ಅಂದರೆ ಕಲೆಯನ್ನು ಸವಿಯುವುದಕ್ಕೆ, ಅಡ್ಡಬರುವ ಏಳು ವಿಘ್ನಗಳನ್ನು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಎಣಿಸುತ್ತಾನೆ. ಅವುಗಳಲ್ಲಿ ಒಂದು ‘ನಿಜಸುಖಾದಿವಿವಶೀಭಾವ’. ನೋಡುವವನು ತನ್ನ ಸ್ವಂತ ಸುಖದುಃಖಗಳಲ್ಲೇ ಮುಳುಗಿ, ಎದುರಿಗೆ ನಡೆಯುತ್ತಿರುವುದಕ್ಕೆ ಮನಸ್ಸು ಕೊಡಲಾರದೆ ಹೋಗುವ ಸ್ಥಿತಿ ಅದು. ಸಾವಿರ ವರ್ಷಗಳ ಹಿಂದೆ ನಾಟಕದ ಪ್ರೇಕ್ಷಕನನ್ನು ಕುರಿತು ಹೇಳಿದ ಆ ಮಾತು ನಿಮ್ಮ ಪುಟಕ್ಕೂ ಸಲ್ಲುತ್ತದೆ. ಹಾಗೆಂದು ನಿಮ್ಮನ್ನು ನೀವು ಹೊರಗಿಟ್ಟು ಚಿತ್ರ ನೋಡಬೇಕೆಂದು ಅದರ ಅರ್ಥವಲ್ಲ, ಏಕೆಂದರೆ ಸಹೃದಯನಿಗೆ ಬೇಕಾದದ್ದು ಹೃದಯಸಂವಾದ ಎಂದವನೂ ಅವನೇ, ಅದಕ್ಕಾಗಿ ಮನಸ್ಸೆಂಬ ಕನ್ನಡಿ ಅಭ್ಯಾಸದಿಂದ ತಿಳಿಯಾಗಿರಬೇಕು ಎಂದವನೂ ಅವನೇ. ಸಂವಾದ ಎಂದ ಮೇಲೆ ಇಬ್ಬರು ಬೇಕು. ನಿಮ್ಮ ಪುಟದಲ್ಲಿ ಒಬ್ಬರೇ ಮಾತನಾಡುತ್ತಿದ್ದೀರಿ.

ನಿಮ್ಮ ಗೆಳೆಯರಿಬ್ಬರ ಮಾತುಗಳನ್ನೂ ಇಲ್ಲಿಯೇ ನೋಡಿಬಿಡೋಣ. ಬೆಟ್ಟ ಮತ್ತು ಮಳೆ ಕಂಡವರು ಕಣ್ಣಿನ ಹಳೆಯ ಚಾಳಿಯನ್ನು ನಡೆಸಿದ್ದಾರೆ. ಕಲೆಬಿದ್ದ ಗೋಡೆಗಳನ್ನು ದಿಟ್ಟಿಸಿ, ಅಲ್ಲಿ ಬೆಟ್ಟ, ನದಿ, ಯುದ್ಧದ ದೃಶ್ಯಗಳನ್ನು ಹುಡುಕಿಕೊಳ್ಳಿ ಎಂದು ಲಿಯೊನಾರ್ಡೊ ಡಾ ವಿಂಚಿ ಚಿತ್ರಕಾರರಿಗೆ ಬುದ್ಧಿ ಹೇಳಿದ್ದ. ಇಂಗ್ಲೆಂಡಿನ ಅಲೆಕ್ಸಾಂಡರ್ ಕೋಜನ್ಸ್ 1785ರ ಸುಮಾರಿಗೆ ಮಸಿಯ ಮಚ್ಚೆಗಳಿಂದ ಭೂದೃಶ್ಯ ಕಟ್ಟುವ ಒಂದು ಪಾಠಕ್ರಮವನ್ನೇ ಬರೆದು ಪ್ರಕಟಿಸಿದ. ಚಾಳಿ ಕೆಟ್ಟದ್ದೇನಲ್ಲ. ಆದರೆ ‘ಇದು ಮಳೆ’ ಎಂದ ಕ್ಷಣವೇ ನೋಟ ಮುಗಿದುಹೋಗುತ್ತದೆ. ಒಗಟು ಬಿಡಿಸಿದ ಮೇಲೆ ಅದರತ್ತ ಮತ್ತೆ ಯಾರೂ ತಿರುಗಿ ನೋಡುವುದಿಲ್ಲ. ರಸವನ್ನು ಚರ್ಚಿಸಿದ ಇನ್ನೊಬ್ಬ ಹಳೆಯ ಮೀಮಾಂಸಕ ಶ್ರೀಶಂಕುಕನ ಚಿತ್ರತುರಗ ನ್ಯಾಯವನ್ನು ನೀವು ಕೇಳಿರಬಹುದು: ಚಿತ್ರದಲ್ಲಿರುವ ಕುದುರೆಯನ್ನು ನಾವು ನಿಜವೆಂದೂ ತಿಳಿಯುವುದಿಲ್ಲ, ಸುಳ್ಳೆಂದೂ ತಳ್ಳುವುದಿಲ್ಲ, ಆದರೂ ಅದನ್ನು ಕುದುರೆ ಎಂದೇ ಕರೆಯುತ್ತೇವೆ. ಅಮೂರ್ತ ಚಿತ್ರಕಾರರು ಆ ಕುದುರೆಯನ್ನೇ ಬಿಚ್ಚಿ ಕಳಿಸಿಬಿಟ್ಟಿದ್ದಾರೆ. ಲಾಯ ಖಾಲಿಯಾದದ್ದನ್ನು ಸಹಿಸಲಾರದೆ ನಾವು ಹೊರಗಿನಿಂದ ಬೆಟ್ಟವನ್ನೋ ಮಳೆಯನ್ನೋ ತಂದು ಕಟ್ಟುತ್ತೇವೆ.

‘ಬಣ್ಣ ಚೆಲ್ಲಿದ್ದಾರೆ’ ಎಂದವರ ಮಾತಿನಲ್ಲಿ ಅವರಿಗೇ ತಿಳಿಯದ ಒಂದು ಸತ್ಯವಿದೆ. ಕಲಾವಿದರು ಮಾಡುವುದಕ್ಕೂ ಬಟ್ಟೆಗೆ ತಗುಲಿ ಹೋಗದೆ ಉಳಿಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತು ಇದೆ: ಕಲೆ. ಜಲವರ್ಣದಲ್ಲಿ ಈ ಎರಡು ಅರ್ಥಗಳ ನಡುವೆ ಗೋಡೆ ಇಲ್ಲ. ವರ್ಣದ್ರವ್ಯದ ನುಣ್ಣನೆಯ ಪುಡಿ, ಅದನ್ನು ಹಿಡಿದಿಡುವ ಗಮ್ ಅರಬಿಕ್ ಎಂಬ ಗೋಂದು, ನೀರು, ಕಾಗದ ಇಷ್ಟೇ ಸಾಮಗ್ರಿ. ಇವುಗಳಲ್ಲಿ ನೀರು ಚಿತ್ರಕಾರರ ಮಾತನ್ನು ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಹಿಂದೊಮ್ಮೆ ಒಂದು ಪ್ರದರ್ಶನದ ಬಗ್ಗೆ ಬರೆಯುತ್ತ, ಒಂದು ಚಿತ್ರದ ಮೂಲೆಯಲ್ಲಿದ್ದ ನಸುಬಣ್ಣದ ವೃತ್ತವನ್ನು ‘ತಡೆಹಿಡಿದ ಅಳು’ ಎಂದು ಬಹಳ ಹೆಮ್ಮೆಯಿಂದ ವರ್ಣಿಸಿದ್ದೆ. ಆ ಚಿತ್ರಕಾರರು ಆಮೇಲೆ ಸಿಕ್ಕಾಗ, ಕುಂಚ ತೊಳೆಯುವಾಗ ಒಂದು ಹನಿ ಅಲ್ಲಿ ಸಿಡಿದಿತ್ತು ಎಂದರು. ನನ್ನ ಮುಖ ಸಣ್ಣದಾಯಿತು. ಅವರು ಬಾಗಿಲ ತನಕ ಹೋದವರು ತಿರುಗಿ ನಿಂತು, ‘ಸಿಡಿದದ್ದು ಹನಿ, ಉಳಿಸಿಕೊಂಡದ್ದು ನಾನು, ಅಂಥ ಎಷ್ಟೋ ಕಾಗದಗಳನ್ನು ಹರಿದು ಹಾಕಿದ್ದೇನೆ’ ಎಂದು ಹೇಳಿಹೋದರು. ಆಕಸ್ಮಿಕವೇ ಉದ್ದೇಶವೇ ಎಂದು ಕೇಳುವುದನ್ನು ನಾನು ಅವತ್ತಿಗೇ ಬಿಟ್ಟೆ. ಕೇಳಬೇಕಾದದ್ದು, ಇದನ್ನು ಏಕೆ ಉಳಿಸಿಕೊಂಡರು ಎಂಬುದನ್ನು. ಹಾಗೆ ಕೇಳಿದಾಗ ಇದು ಮನಶ್ಶಾಸ್ತ್ರದ ಮಸಿಮಚ್ಚೆಯ ಪರೀಕ್ಷೆಗಿಂತ ಎಷ್ಟು ಬೇರೆ ಎಂಬುದೂ ತಿಳಿಯುತ್ತದೆ. ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ ಹತ್ತು ಮಚ್ಚೆಗಳು ನೋಡುವವರ ಮನಸ್ಸನ್ನು ಹೊರತರುವ ನೆಪಗಳು; ಅಲ್ಲಿ ಮಚ್ಚೆಗೆ ತನ್ನದೇ ಆದ ಮಾತಿಲ್ಲ, ಇರಬೇಕಾಗಿಯೂ ಇಲ್ಲ.

ಈಗ ನಿಮ್ಮ ಚಿತ್ರದ ಹತ್ತಿರ ಹೋಗೋಣ. ನೀವು ಕಳಿಸಿದ ಫೋಟೊ ಸಾಕಷ್ಟು ದೊಡ್ಡದಾಗಿರುವುದರಿಂದ ಅಂಚುಗಳು ಸ್ಪಷ್ಟವಾಗಿ ಕಾಣುತ್ತವೆ, ಮತ್ತು ಜಲವರ್ಣದಲ್ಲಿ ಓದಲು ಕಲಿಯಬೇಕಾದದ್ದು ಮೊದಲು ಅಂಚುಗಳನ್ನೇ. ಒಣಗಿದ ಕಾಗದದ ಮೇಲೆ ಬಣ್ಣದ ನೀರನ್ನು ಹರಿಸಿದರೆ ಅದು ಹರಿದಷ್ಟು ಹರಿದು ಒಂದು ಗಡಿಯಲ್ಲಿ ನಿಲ್ಲುತ್ತದೆ. ಆ ಗಡಿಯ ಹತ್ತಿರ ನೀರು ಬೇಗ ಆವಿಯಾಗುವುದರಿಂದ, ಒಳಗಿನ ನೀರು ಆ ನಷ್ಟವನ್ನು ತುಂಬಲು ಅಂಚಿನತ್ತ ಹರಿಯುತ್ತ, ತನ್ನ ಜೊತೆ ವರ್ಣದ್ರವ್ಯದ ಕಣಗಳನ್ನೂ ಒಯ್ದು ಅಲ್ಲಿ ಸುರಿಯುತ್ತದೆ. ಒಣಗಿದ ಹನಿಯ ಸುತ್ತ ಗಾಢವಾದ ಕಟ್ಟೊಂದು ಉಳಿಯುವುದು ಹೀಗೆ. ಇದರ ಹಿಂದಿನ ಲೆಕ್ಕಾಚಾರವನ್ನು ಭೌತವಿಜ್ಞಾನಿಗಳು 1997ರಲ್ಲಿ ಬಿಡಿಸಿ ತೋರಿಸಿದರು, ಚಿತ್ರಕಾರರಿಗೆ ಕೈಯ ಅಭ್ಯಾಸದಿಂದ ಅದು ಮೊದಲೇ ಗೊತ್ತಿತ್ತು. ಮೊದಲೇ ಒದ್ದೆ ಮಾಡಿದ ಕಾಗದದ ಮೇಲೆ ಬಣ್ಣ ಬಿಟ್ಟರೆ ಅಂಥ ಗಡಿ ಕಟ್ಟುವುದಿಲ್ಲ. ಬಣ್ಣ ಒದ್ದೆಯೊಳಗೆ ಹಬ್ಬುತ್ತ, ಹಬ್ಬಿದಷ್ಟೂ ತೆಳುವಾಗುತ್ತ, ಎಲ್ಲಿ ಮುಗಿಯಿತು ಎಂದು ಹೇಳಲಾರದಂತೆ ಮುಗಿಯುತ್ತದೆ. ಇದನ್ನು ಚಿತ್ರಕಾರರು ವೆಟ್ ಆನ್ ವೆಟ್ ಎನ್ನುತ್ತಾರೆ.

ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮನ್ನು ಹಿಡಿದು ನಿಲ್ಲಿಸಿದ ಆ ಬಿಳಿ ಸಂದನ್ನು ನೋಡಿ. ಅದರ ಎಡದ ಅಂಚು ಗಟ್ಟಿಯಾಗಿದೆ, ಉದ್ದಕ್ಕೂ ಕೂದಲೆಳೆಯಷ್ಟು ಗಾಢವಾದ ಕಟ್ಟು ಇದೆ. ಬಲದ ಅಂಚು ಮಂಜಿನಂತೆ ಕರಗಿದೆ. ಅಂಟುಪಟ್ಟಿಯನ್ನೋ ಮಾಸ್ಕಿಂಗ್ ದ್ರವವನ್ನೋ ಹಾಕಿ ಬಿಳಿಯನ್ನು ಕಾಪಾಡಿದ್ದರೆ ಎರಡೂ ಅಂಚುಗಳು ಗಟ್ಟಿಯಾಗಿಯೇ ಇರಬೇಕಿತ್ತು. ಬಿಳಿ ಬಣ್ಣವನ್ನು ಮೇಲಿನಿಂದ ಎಳೆದಿದ್ದರೆ ಅದು ಕೆಳಗಿನ ಬೂದುಬಣ್ಣವನ್ನು ಮುಚ್ಚಿಕೊಂಡು ಸುಣ್ಣದಂತೆ ಮಂಕಾಗಿ ಕೂತಿರುತ್ತಿತ್ತು. ಆದ್ದರಿಂದ ಅದು ಬಳಿದ ಬಿಳಿಯಲ್ಲ, ಯಾರೂ ಮುಟ್ಟದೆ ಬಿಟ್ಟ ಕಾಗದ. ಚಿತ್ರಕಾರರು ಎಡಗಡೆಯ ಬೂದುಬಣ್ಣವನ್ನು ಒಣಕಾಗದದ ಮೇಲೆ ಹರಿಸಿ, ಬೇಕೆಂದೇ ಒಂದು ಗಡಿಯಲ್ಲಿ ನಿಲ್ಲಿಸಿದ್ದಾರೆ. ಬಲಗಡೆಯಲ್ಲಿ ಮೊದಲು ಬರಿಯ ನೀರು ಸವರಿ, ಆಮೇಲೆ ದೂರದಿಂದ ಬಣ್ಣ ಬಿಟ್ಟಿದ್ದಾರೆ, ಆ ಬಣ್ಣ ಸಂದಿನವರೆಗೆ ಬರುತ್ತ ಬರುತ್ತ ಶಕ್ತಿಗುಂದಿ ನಿಂತಿದೆ. ಒಂದು ಬದಿ ತಡೆದು ನಿಂತಿದೆ, ಇನ್ನೊಂದು ಬದಿ ತಲುಪಲಾರದೆ ನಿಂತಿದೆ. ‘ಯಾರೋ ಎದ್ದುಹೋದ ಕೋಣೆ’ ಎಂದು ನೀವು ಬರೆದದ್ದು ಎಲ್ಲಿಂದ ಬಂತು ಎಂದು ನನ್ನನ್ನು ಕೇಳಿದರೆ, ನಾನು ಬೆರಳಿಡುವುದು ಇಲ್ಲಿ. ಎರಡು ಬಣ್ಣಗಳು ಪರಸ್ಪರರ ಕಡೆಗೆ ಬಂದು, ಬೇರೆ ಬೇರೆ ಕಾರಣಗಳಿಗೆ ಸೇರದೆ ಉಳಿದ ಜಾಗ ಅದು. ನಿಮ್ಮ ಕಣ್ಣು ತುಂಬಿದ್ದಕ್ಕೆ ಕಾಗದದಲ್ಲೇ ಆಧಾರವಿದೆ. ನೀವು ಅದನ್ನು ಬರೆಯದೆ ನೇರವಾಗಿ ಕುರ್ಚಿ ಕಿಟಕಿಗಳಿಗೆ ಹಾರಿದಿರಿ.

ಬಿಟ್ಟ ಕಾಗದ ಎಂಬುದು ಈ ಮಾಧ್ಯಮದ ಜೀವಾಳ. ತೈಲವರ್ಣದಲ್ಲಿ ಬೆಳಕನ್ನು ಕೊನೆಯಲ್ಲಿ ಮೇಲಿಟ್ಟರೂ ನಡೆಯುತ್ತದೆ; ಜಲವರ್ಣ ಪಾರದರ್ಶಕವಾದದ್ದರಿಂದ ಅದರಲ್ಲಿ ಬೆಳಕೆಂದರೆ ಕಾಗದವೇ, ಮೊದಲೇ ಯೋಚಿಸಿ ಬಿಟ್ಟುಕೊಂಡರೆ ಉಂಟು, ಬಿಡದಿದ್ದರೆ ಇಲ್ಲ. ಫ್ರೆಂಚ್ ಚಿತ್ರಕಾರ ಸೆಜಾನ್‌ನ ಕೊನೆಗಾಲದ ಜಲವರ್ಣಗಳಲ್ಲಿ ಕೆಲವು ಕಡೆ ಬಣ್ಣಕ್ಕಿಂತ ಬಿಟ್ಟ ಜಾಗವೇ ಹೆಚ್ಚು. ಅಮೆರಿಕದ ಚಿತ್ರಕಾರ್ತಿ ಜಾರ್ಜಿಯಾ ಓಕೀಫ್ 1917ರಲ್ಲಿ ಟೆಕ್ಸಾಸಿನ ಬಯಲಿನ ಸಂಜೆನಕ್ಷತ್ರವನ್ನು ಕುರಿತು ಮಾಡಿದ ಜಲವರ್ಣಗಳ ಸಾಲಿನಲ್ಲಿ, ಉಜ್ವಲವಾದ ಕೆಂಪು ಹಳದಿ ಪಟ್ಟಿಗಳ ನಡುವೆ ಖಾಲಿ ಕಾಗದದ ಸಣ್ಣ ಸಣ್ಣ ಅಂತರಗಳನ್ನು ಬಿಟ್ಟಿರುವುದನ್ನು ನೋಡಬಹುದು. ಹಸಿಬಣ್ಣಗಳು ಒಂದರೊಳಗೊಂದು ನುಗ್ಗದಂತೆ ಕಾಯುವ ಕೆಲಸವನ್ನು ಆ ಅಂತರ ಮಾಡುತ್ತದೆ. ನೋಡುವವರಿಗೆ ಅದು ಉರಿಯಂತೆ ಹೊಳೆಯುತ್ತದೆ. ನಿಮ್ಮ ಚಿತ್ರದ ಸಂದು ಉರಿಯುವುದಿಲ್ಲ, ತಣ್ಣಗಿದೆ. ಬಿಟ್ಟ ಬಿಳಿ ಒಂದೇ, ಅದರ ಎರಡು ಬದಿಯ ನೆರೆಹೊರೆ ಬೇರೆ. ಇಂಥ ಹೋಲಿಕೆಯನ್ನು ನಿಮ್ಮ ಪುಟದಲ್ಲಿ ತರಬೇಕೆಂದು ನಾನು ಹೇಳುತ್ತಿಲ್ಲ. ‘ಬಿಳಿ ಎಂದರೆ ಶಾಂತಿ’ ಎಂದು ಬರೆಯುವ ಮೊದಲು ಇದು ನೆನಪಾಗಲಿ ಎಂದಷ್ಟೇ.

ಆ ಸಾಲು ನಿಮ್ಮ ಪುಟದಲ್ಲಿದೆ, ಎರಡನೆಯದು. ದಯವಿಟ್ಟು ಹೊಡೆದುಹಾಕಿ. ಬಣ್ಣಗಳಿಗೆ ಅರ್ಥ ಹಚ್ಚುವ ಪಟ್ಟಿಗಳು ಎಲ್ಲೆಲ್ಲೂ ಸಿಗುತ್ತವೆ, ಯಾವುದೂ ಒಂದು ಚಿತ್ರದ ಮುಂದೆ ಐದು ನಿಮಿಷ ಬಾಳುವುದಿಲ್ಲ. ಹಳದಿ ನೋಡುವವರ ಕಡೆಗೆ ನುಗ್ಗುತ್ತದೆ, ನೀಲಿ ಹಿಂದೆ ಸರಿಯುತ್ತದೆ ಎಂದು ಅಮೂರ್ತ ಚಿತ್ರಕಲೆಯ ಮೊದಲಿಗರಲ್ಲಿ ಒಬ್ಬನಾದ ಕಾಂಡಿನ್‌ಸ್ಕಿ ವಾದಿಸಿದ್ದು ನಿಜ. ಆದರೆ ಅವನ ಮಾತು ಬಣ್ಣದ ಚಲನೆಯ ಬಗ್ಗೆ, ನಿಘಂಟಿನ ಅರ್ಥದ ಬಗ್ಗೆ ಅಲ್ಲ. ಅಲ್ಲದೆ ಯಾವ ಬಣ್ಣವೂ ಒಂಟಿಯಾಗಿ ಸಿಗುವುದಿಲ್ಲ. ನಿಮ್ಮ ಚಿತ್ರದ ಬೂದು ಬಣ್ಣ ತುಕ್ಕಿನ ಮಚ್ಚೆಯ ಪಕ್ಕದಲ್ಲಿ ನೀಲಿಯಾಗಿ ಕಾಣುತ್ತದೆ, ಮಚ್ಚೆಯನ್ನು ಅಂಗೈಯಿಂದ ಮುಚ್ಚಿ ನೋಡಿದರೆ ಬರಿಯ ಬೂದುಬಣ್ಣವಾಗುತ್ತದೆ.

ಬಲಗಡೆಯ ಸುರುಟಿದ ಗುರುತಿಗೆ ಬ್ಲೂಮ್ ಎಂದು ಹೆಸರು. ಬಳಿದ ಬಣ್ಣ ಅರ್ಧ ಒಣಗಿ, ಮೇಲಿನ ಹೊಳಪು ಆರುತ್ತಿರುವ ಹೊತ್ತಿನಲ್ಲಿ ಅದಕ್ಕಿಂತ ಒದ್ದೆಯಾದ ಇನ್ನೊಂದು ಹನಿ ಬಿದ್ದರೆ, ಆ ನೀರು ಸುತ್ತಲಿನ ಕಣಗಳನ್ನು ಹೊರಕ್ಕೆ ನೂಕುತ್ತ ಹೋಗಿ ಇಂಥ ನಿರಿಗೆ ಅಂಚಿನಲ್ಲಿ ಬಿಟ್ಟುಬಿಡುತ್ತದೆ. ಕಲಿಯುವವರಿಗೆ ಇದು ತಪ್ಪು ಎಂದು ಹೇಳಿಕೊಡುತ್ತಾರೆ, ನಾನೂ ಹೇಳಿಕೊಟ್ಟಿದ್ದೇನೆ. ಇಲ್ಲಿ ಅದು ನಮಗೆ ತಿಳಿಸುವುದು ಹೊತ್ತನ್ನು: ಬಲಗಡೆ ಇನ್ನೂ ಪೂರ್ತಿ ಒಣಗಿರಲಿಲ್ಲ, ಕೈ ಮತ್ತೆ ಅತ್ತ ಹೋಗಿತ್ತು. ಅಷ್ಟು ಗಮನಿಸಿದರೆ ಸಾಕು.

ತುಕ್ಕಿನ ಮಚ್ಚೆಯ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಿಮ್ಮ 22 ವಾಕ್ಯಗಳಲ್ಲಿ ಒಂದರಲ್ಲೂ ಅದರ ಸುಳಿವಿಲ್ಲ. ಪ್ರಶ್ನೆಯಲ್ಲಿ ಅದನ್ನು ವರ್ಣಿಸಿದ್ದೀರಿ, ಪುಟದಲ್ಲಿ ಕೈಬಿಟ್ಟಿದ್ದೀರಿ. ಇದು ಆಕಸ್ಮಿಕವಲ್ಲ ಎಂದು ನನ್ನ ಊಹೆ. ಖಾಲಿ ಕೋಣೆಯ ಭಾವಕ್ಕೆ ಅದು ಹೊಂದುವುದಿಲ್ಲ. ಆ ಮಚ್ಚೆಯ ಅಂಚು ಸುತ್ತಲೂ ಗಟ್ಟಿಯಾಗಿದೆ, ಅದರ ಗಾಢವಾದ ಕಟ್ಟು ಬೂದುಬಣ್ಣದ ಅಂಚನ್ನು ದಾಟಿ ಎಲ್ಲಿಯೂ ಮುರಿಯದೆ ಹರಿದಿದೆ. ಅಂದರೆ ಬೂದುಬಣ್ಣ ಪೂರ್ತಿ ಒಣಗಿದ ಮೇಲೆ, ಬಹುಶಃ ಎಲ್ಲಕ್ಕಿಂತ ಕೊನೆಗೆ, ಅದನ್ನು ಇಟ್ಟಿದ್ದಾರೆ. ಕುಂಚದ ತುಂಬ ಬಣ್ಣ ತುಂಬಿಕೊಂಡು ಒಂದೇ ಸಲ ಒತ್ತಿದ ಗುರುತು ಅದು, ಸವರಾಟವಿಲ್ಲ, ತಿದ್ದಾಟವಿಲ್ಲ. ಎಲ್ಲರೂ ಹೋದ ಕೋಣೆ ಎಂದು ನೀವು ಹೇಳುತ್ತಿದ್ದೀರಿ. ಚಿತ್ರವಾದರೋ ಮೂಲೆಯಲ್ಲಿ ಯಾರೋ ಇದ್ದಾರೆ ಎನ್ನುತ್ತಿದೆ, ಅದೂ ಕೊನೆಗೆ ಬಂದವರು, ಬೆಚ್ಚಗಿರುವವರು. ಚಿತ್ರ ತಿದ್ದಲು ಬಂದರೆ ತಿದ್ದಿಸಿಕೊಳ್ಳಬೇಕು ಎಂದು ಮೊದಲೇ ಹೇಳಿದೆನಲ್ಲ, ಆ ಹೊತ್ತು ಇದು. ನಿಮ್ಮ ಭಾವವನ್ನು ಬಿಟ್ಟುಕೊಡಬೇಕಾಗಿಲ್ಲ. ಮಚ್ಚೆಯನ್ನು ಒಳಗೊಂಡೂ ಆ ಭಾವ ಉಳಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಉಳಿಯದಿದ್ದರೆ, ಅದು ಎಲ್ಲಿ ಹೇಗೆ ಅಲುಗಾಡಿತು ಎಂಬುದನ್ನು ಬರೆಯಬೇಕು. ನಿಜ ಹೇಳಬೇಕೆಂದರೆ, ವೈಯಕ್ತಿಕ ಬರಹದಲ್ಲಿ ಓದುಗರು ಕಿವಿನಿಮಿರಿಸುವುದು ಆ ಅಲುಗಾಟಕ್ಕೇ.

ಇದಕ್ಕೆ ಹೊತ್ತು ಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯದಲ್ಲಿ ಜನ ಒಂದು ಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಳೆದು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕ ಸರಾಸರಿ 27 ಸೆಕೆಂಡು. ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು, ಅದರಲ್ಲಿ ಪಕ್ಕದ ಚೀಟಿ ಓದುವ ಸಮಯವೂ ಸೇರಿತ್ತು. ನೀವು ಹತ್ತು ನಿಮಿಷ ನಿಂತಿದ್ದೀರಿ, ಅದು ಸಣ್ಣ ಮಾತಲ್ಲ. ಆದರೆ ಮೊದಲ ನಿಮಿಷದಲ್ಲಿ ಕೋಣೆ ಬಂದುಬಿಟ್ಟಿತು, ಉಳಿದ ಒಂಬತ್ತು ನಿಮಿಷ ನೀವು ಇದ್ದದ್ದು ಕೋಣೆಯಲ್ಲಿ ಎಂದು ನನಗೆ ತೋರುತ್ತದೆ. ಇದರಿಂದ ಹೊರಬರಲು ಒಂದು ಉಪಾಯ ಹೇಳುತ್ತೇನೆ: ಫೋಟೊವನ್ನು ತಲೆಕೆಳಗು ಮಾಡಿ, ಆಮೇಲೆ ಅಡ್ಡ ಹಿಡಿದು ನೋಡಿ. ಮ್ಯೂನಿಕ್ಕಿನಲ್ಲಿದ್ದಾಗ ಕಾಂಡಿನ್‌ಸ್ಕಿ ಒಂದು ಮುಸ್ಸಂಜೆ ತನ್ನ ಸ್ಟುಡಿಯೊಗೆ ಬಂದು, ಅಲ್ಲಿ ಏನೆಂದೇ ಅರ್ಥವಾಗದ, ಬರಿಯ ಬಣ್ಣ ಮತ್ತು ಆಕಾರಗಳಿಂದ ಬೆಳಗುವ ಒಂದು ಚಿತ್ರವನ್ನು ಕಂಡು ಬೆರಗಾದದ್ದನ್ನು 1913ರಲ್ಲಿ ಬರೆದಿದ್ದಾನೆ; ಹತ್ತಿರ ಹೋಗಿ ನೋಡಿದರೆ ಅದು ಅಡ್ಡಕ್ಕೆ ಒರಗಿಸಿಟ್ಟಿದ್ದ ಅವನದೇ ಚಿತ್ರ. ಮರುದಿನ ಹಗಲು ಬೆಳಕಿನಲ್ಲಿ ಅದೇ ಬೆರಗನ್ನು ಮರಳಿ ಪಡೆಯಲು ನೋಡಿದ, ಆಗಲಿಲ್ಲ. ಅಡ್ಡಕ್ಕಿಟ್ಟರೂ ಅದರಲ್ಲಿದ್ದ ವಸ್ತುಗಳು ಗುರುತು ಸಿಗುತ್ತಲೇ ಇದ್ದವು. ನಿಮ್ಮ ಚಿತ್ರವನ್ನು ತಿರುಗಿಸಿದಾಗ ಕೋಣೆ ಬಿದ್ದುಹೋಗುತ್ತದೆ, ಸಂದು ಮತ್ತು ಮಚ್ಚೆ ಉಳಿಯುತ್ತವೆ. ಚಿತ್ರಕಾರರು ಇಟ್ಟ ದಿಕ್ಕಿಗೆ ಮರಳಿ ತಂದಾಗ ಕೋಣೆಯೂ ಮರಳಿ ಬಂದರೆ, ಅದನ್ನು ಧೈರ್ಯವಾಗಿ ಇಟ್ಟುಕೊಳ್ಳಿ.

ಸಿದ್ಧಾಂತ ಓದಿಕೊಂಡೇ ಬರೆಯಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ಮೊದಲು ನೋಡಿ, ಆಮೇಲೆ ಓದಿ, ಓದಿದ ಮೇಲೆ ಮತ್ತೆ ನೋಡಿ. ಓದು ಕಣ್ಣಿಗೆ ಹೊಸ ಪ್ರಶ್ನೆಗಳನ್ನು ಕೊಡುತ್ತದೆ, ಕೆಲವೊಮ್ಮೆ ಕಣ್ಣನ್ನು ಕಟ್ಟಿಯೂ ಹಾಕುತ್ತದೆ. ಪ್ಯಾರಿಸಿನ ಪಾಂಪಿಡೂ ಕೇಂದ್ರದ ಸಂಗ್ರಹದಲ್ಲಿರುವ ಕಾಂಡಿನ್‌ಸ್ಕಿಯ ಹೆಸರಿಲ್ಲದ ಜಲವರ್ಣದ ಮೇಲೆ 1910 ಎಂಬ ವರ್ಷ ಬರೆದಿರುವುದರಿಂದ ಅದು ಮೊದಲ ಅಮೂರ್ತ ಜಲವರ್ಣ ಎಂದು ಬಹುಕಾಲ ಹೆಸರಾಗಿತ್ತು; ಅದನ್ನು ಮಾಡಿದ್ದು 1913ರಲ್ಲಿ, ವರ್ಷವನ್ನು ಆಮೇಲೆ ಬರೆದದ್ದು ಎಂದು ಹಲವು ವಿದ್ವಾಂಸರು ವಾದಿಸುತ್ತಾರೆ. ಇತಿಹಾಸಕಾರರಿಗೆ ಈ ಮೂರು ವರ್ಷ ದೊಡ್ಡ ಸಂಗತಿ. ‘ಮೊದಲನೆಯದು’ ಎಂಬ ಒಂದೇ ಕಾರಣಕ್ಕೆ ಅದರೆದುರು ಕೈಮುಗಿದು ನಿಂತವರು ಮಾತ್ರ ನೋಡಿದ್ದು ಚೀಟಿಯನ್ನೇ ಹೊರತು, ಆ ಕಾಗದದ ಮೇಲೆ ಪೆನ್ಸಿಲಿನ ಮತ್ತು ಮಸಿಯ ಗೆರೆಗಳು ಬಣ್ಣದ ಮಚ್ಚೆಗಳನ್ನು ಹೇಗೆ ಅಟ್ಟಿಸಿಕೊಂಡು ಹೋಗುತ್ತವೆ ಎಂಬುದನ್ನಲ್ಲ. ನಿಮ್ಮ ಚಿತ್ರಕ್ಕೆ ಹೆಸರೂ ಇಲ್ಲ, ಚೀಟಿಯೂ ಇಲ್ಲ. ಅದನ್ನು ಕೊರತೆ ಎಂದುಕೊಳ್ಳಬೇಡಿ.

ಇನ್ನು ಭಾಷೆಯ ವಿಷಯ. ನಿಮ್ಮ ಪುಟದಲ್ಲಿ ‘ವಿಷಾದ’ ಮೂರು ಸಲ, ‘ಶೂನ್ಯ’ ಎರಡು ಸಲ, ‘ಅನಂತ’ ಒಂದು ಸಲ ಬಂದಿವೆ. ಚಿತ್ರದ ಬಗ್ಗೆ ಬರೆಯುವಾಗ ಇಂಥ ನಾಮಪದಗಳು ಬೇಗ ಸಿಗುತ್ತವೆ, ಬೇಗ ಸವೆಯುತ್ತವೆ. ಅವುಗಳ ಜಾಗಕ್ಕೆ ಕ್ರಿಯಾಪದಗಳನ್ನು ತನ್ನಿ. ನೀರಿನ ನಡವಳಿಕೆಗೆ ಕನ್ನಡದಲ್ಲಿ ಇರುವಷ್ಟು ಮಾತುಗಳು ಒಬ್ಬ ಚಿತ್ರಕಾರನಿಗೆ ಸಾಕಾಗಿ ಮಿಗುತ್ತವೆ: ಬಣ್ಣ ಹರಿಯಿತೇ, ಹಬ್ಬಿತೇ, ಇಂಗಿತೇ, ಒಸರಿತೇ, ಜಿನುಗಿತೇ, ಮಡುಗಟ್ಟಿತೇ, ಕದಡಿತೇ, ತೊಟ್ಟಿಕ್ಕಿತೇ? ನಿಮ್ಮ ಬೂದುಬಣ್ಣ ಎಡಗಡೆಯಲ್ಲಿ ಹರಿದಿದೆ, ಬಲಗಡೆಯಲ್ಲಿ ಹಬ್ಬಿದೆ, ಕೆಳಗೆ ಇಂಗಿದೆ. ತುಕ್ಕು ಮೂಲೆಯಲ್ಲಿ ಮಡುಗಟ್ಟಿದೆ. ಈ ನಾಲ್ಕು ಮಾತುಗಳನ್ನು ಸರಿಯಾದ ಜಾಗದಲ್ಲಿಟ್ಟರೆ ವಿಷಾದವೆಂಬ ಶಬ್ದ ಬೇಡವಾಗುತ್ತದೆ. ಮೊದಲ ಕರಡಿನಲ್ಲಿ ‘ನಾನು’ ಎಂಬ ಮಾತನ್ನು ಬಳಸದೆ ಬರೆಯಿರಿ ಎಂದು ನನ್ನ ಬಳಿ ಕಲಿಯುವವರಿಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ, ಏಕೆಂದರೆ ಹಾಗೆ ಬರೆದವರು ‘ನೋಡುಗ’ ಎಂಬ ಯಾರದೋ ಮುಖವಾಡ ಹಾಕಿಕೊಂಡು ಅದನ್ನೇ ಬರೆಯುತ್ತಾರೆ. ನಾನು ಎಂದೇ ಬರೆಯಿರಿ. ಕೋಣೆಯ ಹತ್ತೊಂಬತ್ತು ವಾಕ್ಯಗಳಲ್ಲಿ ನಾಲ್ಕನೆಯದನ್ನೂ ಖಾಲಿ ಕುರ್ಚಿಯ ವಾಕ್ಯವನ್ನೂ ಉಳಿಸಿಕೊಳ್ಳಿ. ಉಳಿದವು ಬೇರೆಯದೇ ಒಂದು ಬರಹಕ್ಕೆ ಸೇರಿದವು. ಅವನ್ನು ಎಸೆಯಬೇಡಿ, ಎತ್ತಿಡಿ.

ಕೊನೆಗೆ ಒಂದು ಕೆಲಸ ಕೊಡುತ್ತೇನೆ, ಅದು ಫೋಟೊದಿಂದ ಆಗುವುದಲ್ಲ. ಫೋಟೊ ಅಂಚುಗಳನ್ನು ತೋರಿಸುತ್ತದೆ, ಕಾಗದದ ಮೈಯನ್ನು ತೋರಿಸುವುದಿಲ್ಲ. ಗುಂಪಿನಲ್ಲಿ ಆ ಚಿತ್ರವನ್ನು ಇಟ್ಟುಕೊಂಡವರನ್ನು ಕೇಳಿ, ಅದನ್ನು ಕಿಟಕಿಯ ಬಳಿ ತಂದು, ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು, ಮೇಲಿನ ಬೂದುಬಣ್ಣವನ್ನು ಒಂದು ಗೇಣು ದೂರದಿಂದ ನೋಡಿ. ಕಪ್ಪನ್ನು ಮುಟ್ಟದೆ ಇಂಥ ನೀಲಿಬೂದು ಬಣ್ಣ ಮಾಡಿಕೊಳ್ಳಲು ಚಿತ್ರಕಾರರು ಬಹಳವಾಗಿ ಬಳಸುವ ಜೋಡಿ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನಾ ಎಂಬ ತುಕ್ಕುಗೆಂಪು. ಒದ್ದೆಯಿದ್ದಾಗ ಇವೆರಡೂ ಬೆರೆತು ಒಂದೇ ಬೂದುಬಣ್ಣವಾಗಿ ಕಾಣುತ್ತವೆ. ಒಣಗುವಾಗ ಅಲ್ಟ್ರಾಮರೀನ್‌ನ ಕಣಗಳು ಕಾಗದದ ಸಣ್ಣ ಕುಳಿಗಳಲ್ಲಿ ಇಳಿದು ಕೂರುತ್ತವೆ, ತುಕ್ಕಿನ ಬಣ್ಣ ಅಲ್ಲಲ್ಲಿ ಅದರಿಂದ ಬೇರ್ಪಟ್ಟು ಉಳಿಯುತ್ತದೆ. ನಯವಾದ ಕಾಗದದಲ್ಲಿ ಇದು ಕಾಣದು. ನಿಮ್ಮದು ತರಿತರಿಯಾದ ಕಾಗದ ಎಂದು ಅಂಚಿನಲ್ಲಿ ಗೊತ್ತಾಗುತ್ತದೆ. ನೀಲಿಯ ಕಣಗಳ ನಡುವೆ ಕಂದುಬಣ್ಣದ ಛಾಯೆ ಕಂಡರೆ, ಮೂಲೆಯಲ್ಲಿ ಮಡುಗಟ್ಟಿದ ತುಕ್ಕು ಕೊನೆಗೆ ಹೊರಗಿನಿಂದ ಬಂದದ್ದಲ್ಲ, ಆ ಬೂದುಬಣ್ಣದ ಒಳಗೆ ಮೊದಲಿನಿಂದಲೂ ಕರಗಿಕೊಂಡೇ ಇತ್ತು ಎಂದಾಗುತ್ತದೆ. ಅದನ್ನು ನೋಡಿಕೊಂಡು ಬಂದ ಮೇಲೆ ಐದನೆಯ ವಾಕ್ಯವನ್ನು ಬರೆಯಿರಿ.